ಕಾಕೂನ ಪಟದಾಗಿನ ಕುಂಕುಮ

ಮೊನ್ನೆ ಕೇಶ್ವಾಪುರದ ನಮ್ಮ ಮನಿ ಬಾಗಲಿಗೆ ಬಣ್ಣ ಹಚ್ಚಸಿದೆ. ಟರ್ಪಂಟೈನ್ ವಾಸನಿ ಮೂಗಿಗೆ ಬಡದದ್ದ ತಡ, ಧಾರವಾಡದಾಗ ನಮ್ಮ ಬಾಜೂ ಮನ್ಯಾಗಿದ್ದ ಕಾಕು ನೆನಪಾದ್ರು. ಅವರ ಯಜಮಾನ್ರು ಸಾಲ್ಯಾಗ ಡ್ರಾಯಿಂಗ್ ಮಾಸ್ತರು. ಆ ಮನಿ ಒಳಗ ಕಾಲಿಟ್ರ ಸಾಕು, ಇದ ವಾಸನಿ...

ಪಡಸಾಲ್ಯಾಗ ಕಾಕೂಂದು ದೊಡ್ಡದೊಂದು ಪಟ ಇತ್ತು, ಮಾಸ್ತರು ಎಣ್ಣಿ ಬಣ್ಣದಾಗ ಬರದದ್ದು. ಕಿಡಕಿ ಬಾಜೂ ಕೂತಾರ, ಮಾರಿ ಅರ್ಧ ನೆರಳಿನ್ಯಾಗ, ಕಣ್ಣು ನಮ್ಮ ಕಡೆ ಇಲ್ಲ. ನೋಡಿದವರೆಲ್ಲ ಪಾಪ, ಏನೋ ದುಃಖದಾಗ ಇದ್ದಾರ ಅಂತಿದ್ರು. ನಾನೂ ಹಂಗ ತಿಳದು ಒಮ್ಮೆ ಕೇಳಿದೆ. ಕಾಕು ನಕ್ಕರು.

"ಎಲ್ಲೀ ದುಃಖನವಾ? ಒಲಿ ಮ್ಯಾಲ ಹಾಲಿಟ್ಟು ಬಂದು ಕೂತಿದ್ದೆ. ಉಕ್ಕೀತೋ ಏನೋ ಅಂತ ಕಿವಿ ಎಲ್ಲಾ ಆ ಕಡೆ. ಅವರು ಅದನ್ನ ಬರದಾರ ನೋಡು."

ನೋಡಿದೆ. ಸೀರಿ, ಕುರ್ಚಿ ಎಲ್ಲಾ ದಪ್ಪ ಕುಂಚದಾಗ ಎಳದು ಬಿಟ್ಟಿದ್ರು. ಕಿವಿ ಒಂದಕ್ಕ ಮಾತ್ರ ತೆಳ್ಳಗ ಒಂದರ ಮ್ಯಾಲೊಂದು ಬಣ್ಣ ಹಚ್ಚಿ, ಹಿಂದಿನ ಬಿಸಲು ಅದರಾಗಿಂದ ಕೆಂಪಗ ಹಾಯೂಹಂಗ ಮಾಡಿದ್ರು. ಇಷ್ಟು ವರ್ಷ ನಾ ನೋಡಿದ್ದರ ಏನು ಅನಿಸಿಬಿಡ್ತು.

ಮಾಸ್ತರು ತೀರಿಕೊಂಡ ಮ್ಯಾಲ ಅವರ ಅಕ್ಕ ಬಂದ್ರು. ಕಾಕೂನ ಹಣಿ ಬರಿದಾದದ್ದು ಸಾಲಲಿಲ್ಲೇನೋ ಆ ಮುದಿಕಿಗೆ, ಪಟದಾಗಿನ ಕುಂಕುಮಾನೂ ಮುಚ್ಚಸಬೇಕಂತ ಹಟಾ ಹಿಡದ್ರು. ಮಾಸ್ತರ ಹಳೇ ಶಿಷ್ಯರೊಬ್ಬರನ್ನ ಕುಂಚ ಬಣ್ಣದ ಸಮೇತ ಕರಸಿದ್ರು.

ಆ ಶಿಷ್ಯರು ಪಟ ಕೆಳಗಿಳಿಸಿ, ಬೆಳಕಿಗೆ ಓರಿ ಹಿಡದು ನೋಡಿದ್ರು. ಆಮ್ಯಾಲ ನನ್ನ ಕರದು ತೋರಸಿದ್ರು. ಹಣಿ ಬಣ್ಣ ಕುಂಕುಮದ ಸುತ್ತ ಸಣ್ಣ ದಂಡಿಹಂಗ ಬಂದು ನಿಂತಿತ್ತು. ಕುಂಕುಮ ಅದಕ್ಕಿಂತ ಒಂದು ಕೂದಲೆಳಿಯಷ್ಟು ಆಳದಾಗ.

"ಸರ್ ಮೊದಲ ಕುಂಕುಮ ಇಟ್ಟು, ಆಮ್ಯಾಲ ಮಾರಿ ಬರದಾರ್ರಿ," ಅಂದ್ರು.

"ಬರದಿರ್ಲೇಳ್ರಿ. ಮ್ಯಾಲ ಒಂದು ಕೈ ಬಣ್ಣ ಹಚ್ಚಿಬಿಡ್ರಿ," ಅಂದ್ರು ಮಾಸ್ತರ ಅಕ್ಕ.

ಅಲ್ಲೀತನಕ ಮೂಲ್ಯಾಗ ಕೂತಿದ್ದ ಕಾಕು ಎದ್ದು ಬಂದ್ರು. "ಅಕ್ಕಾ, ಖಾಲಿ ಕ್ಯಾನ್ವಾಸಿನ ಮ್ಯಾಲ ಅವರು ಮೊದಲ ಇಟ್ಟದ್ದು ಇದೊಂದ. ಇದನ್ನ ಮುಚ್ಚೂದಿದ್ರ ನನ್ನ ಮಾರಿನೂ ಮುಚ್ಚಿಬಿಡ್ರಿ." ದನಿ ಒಂಚೂರೂ ಏರಲಿಲ್ಲ. ಶಿಷ್ಯರು ಕುಂಚ ಚೀಲದಾಗ ಇಟ್ಟಕೊಂಡ್ರು. ಪಟ ಮತ್ತ ಗ್ವಾಡಿಗೆ ಏರ್ತು.

ಆದ್ರ ಕಾಕು ತಮ್ಮ ಹಣಿಗೆ ಮಾತ್ರ ಮತ್ತ ಎಂದೂ ಕುಂಕುಮ ಹಚ್ಚಕೊಳ್ಳಲಿಲ್ಲ. ಅಷ್ಟು ಧೈರ್ಯದವರು ನೀವು, ಹಚ್ಚಕೋರಿ ಅಂತ ನಾ ಒಮ್ಮೆ ಜುಲುಮಿ ಮಾಡಿದೆ. ಪಟದ ಕಡೆ ಕೈ ಮಾಡಿ, "ಅವರು ಇಟ್ಟದ್ದು ಅಲ್ಲೇ ಅದಲ್ಲವಾ," ಅಂದ್ರು.

ಹೋದ ವರ್ಷ ಕಾಕೂನೂ ಹೋದ್ರು. ಪಟ ಈಗ ನನ್ನ ಕಡೆ ಅದ. ಮುಂದ ನಿಂತಾಗೆಲ್ಲ ಮಾಸ್ತರ ಆ ಕೈಗೆ ಬೆರಗಾಗ್ತೇನಿ... ಮರುಗಳಿಗಿಗೆ ಕಾಕೂನ ಬರಿ ಹಣಿ ನೆನಪಾಗಿ ಅಳು ಬರ್ತದ.