ಗೋಡೆಯಾಚೆಯ ವೂಫರ್

ಸ್ವಂತ ಮನೆಯಲ್ಲಿ ಕೂತು ಸಿನಿಮಾದ ಒಂದೊಂದು ಮಾತನ್ನೂ ಸ್ಪಷ್ಟವಾಗಿ ಕೇಳಬೇಕೆಂಬ ಆಸೆಗೆ ರಾಮನಗರದಲ್ಲಿ ಪುಟ್ಟ ಫ್ಲಾಟ್ ಕೊಂಡೆ. ಹೋಮ್ ಥಿಯೇಟರ್ ಎಲ್ಲಿ ಕೂರಿಸಬಹುದೆಂದು ನೋಡಲು ಬಂದ ಅಂಗಡಿಯ ಸಿದ್ದರಾಜು ಗೋಡೆಗೆ ಅಂಗೈಯಿಟ್ಟು, "ವೂಫರ್ ಯಾಕ್ ಸಾರ್, ಆಗ್ಲೇ ಐತಲ್ಲ!" ಎಂದ. ಗೋಡೆಯಾಚೆ ರೇಷ್ಮೆ ನೂಲಿಗೆ ಹುರಿ ಹಾಕುವ ಮಿಷನ್ನುಗಳು ಗುಡುಗುತ್ತಿದ್ದವು.

ಅವುಗಳ ಮಾಲೀಕ ಬೋರಯ್ಯನವರಲ್ಲಿಗೆ ಹೋಗಿ, ದಿನಕ್ಕೆ ಎರಡು ಗಂಟೆಯಾದರೂ ನಿಲ್ಲಿಸಿ ಎಂದು ಬೇಡಿಕೊಂಡೆ.

"ನಾವಾಗಿ ನಿಲ್ಸಕ್ಕಾಗಲ್ಲ ಸಾರ್. ಕರೆಂಟ್ ಹೋದ್ರೆ ಅದೇ ನಿಂತ್ಕತ್ತದೆ. ಆವಾಗ ಆರಾಮಾಗಿ ಸಿನಿಮಾ ನೋಡ್ಕಳಿ," ಎಂದರು. ಅವರ ಮುಖದಲ್ಲಿ ತಮಾಷೆಯಿರಲಿಲ್ಲ.

ನಾನು ಫ್ಲಾಟ್ ನೋಡಲು ಬಂದ ದಿನವೂ ಕರೆಂಟ್ ಇರಲಿಲ್ಲ. ಲೈಟು ಹಾಕಿ ತೋರಿಸಲಾಗುತ್ತಿಲ್ಲವೆಂದು ಏಜೆಂಟ್ ಕ್ಷಮೆ ಕೇಳಿದ್ದ. ಪರವಾಗಿಲ್ಲ, ಇಂಥ ನಿಶ್ಶಬ್ದ ಇನ್ನೆಲ್ಲಿ ಸಿಗುತ್ತದೆ ಎಂದು ಅಲ್ಲೇ ಅಡ್ವಾನ್ಸ್ ಕೊಟ್ಟಿದ್ದೆ.