ಮಾಯವ್ವನ ಕಾರಂಜಿ, ಮಾಸ್ತರರ ಕರಿಕಲ್ಲು

ಬೈಲಹೊಂಗಲದ ಹಳೆಯ ಗಾರ್ಡನ್ನಿನ ಕಾರಂಜಿ ಉದ್ಘಾಟನೆಯ ದಿನ ಹನ್ನೊಂದು ನಿಮಿಷ ಚಿಮ್ಮಿತು. ಆಮೇಲಿನ ಹತ್ತೊಂಬತ್ತು ವರ್ಷ ಅದರ ಹೊಂಡವನ್ನು ತಿಕ್ಕಿ ನೀರು ತುಂಬಿಸಿದವಳು ಮಾಯವ್ವ. ಬೆಳಿಗ್ಗೆ ಗಾರ್ಡನ್ ಗುಡಿಸುತ್ತಾಳೆ, ಹತ್ತು ಗಂಟೆಗೆ ದಿಗಂಬರ ಮಾಸ್ತರರ ಮನೆಯ ಭಾಂಡೆ ತಿಕ್ಕಿ ಬಟ್ಟೆ ಒಗೆಯುತ್ತಾಳೆ, ಸಂಜೆ ತನ್ನ ಮನೆಯ ಒಂಬತ್ತು ಮಂದಿಗೆ ರೊಟ್ಟಿ. ಹೆಂಡತಿ ಏನು ಕೆಲಸ ಮಾಡುತ್ತಾಳೆಂದು ಯಾರಾದರೂ ಕೇಳಿದರೆ ಗಂಡ ಲಗಮಪ್ಪ, "ಗಾರ್ಡನ್ದಾಗ ತಂಪ ಕುಂತಿರ್ತಾಳ್ರಿ" ಎನ್ನುತ್ತಾನೆ.

ಮಹಾನವಮಿಗೆ ಘಟ್ಟ ಹಾಕಿ ದೇವರನ್ನು ಕೂಡಿಸುವ ಮೊದಲು ಮನೆಯ ಹಾಸಿಗೆ-ಹೊದಿಕೆಯೆಲ್ಲ ಒಗೆದು ಸ್ವಚ್ಛವಾಗಬೇಕು. ಹೊದ್ದು ಮಲಗುವವರು ಮನೆಮಂದಿಯೆಲ್ಲ, ಒಗೆಯುವವಳು ಒಬ್ಬಳೇ. ಹಳೆ ಸೀರೆ, ಧೋತರ ಪದರ ಪದರ ಸೇರಿಸಿ ಹೊಲಿದ ಕೌದಿ ಒಣಗಿದ್ದಾಗ ಹೆಗಲ ಮೇಲೆ ಬರುತ್ತದೆ. ನೆನೆದರೆ ಎಮ್ಮೆ ಕರುವಿನಷ್ಟು ಭಾರ. ಮನೆಯ ಬಚ್ಚಲದಲ್ಲಿ ಅದು ಮುಳುಗುವುದಿಲ್ಲ. ಹೊಳೆಗೆ ಒಯ್ಯಬೇಕೆಂದರೆ ಟಂಟಂ ರಿಕ್ಷಾ ಮಾಡಿಕೊಂಡು ಸಂಗೊಳ್ಳಿಯವರೆಗೆ ಹೋಗಬೇಕು. ಹೀಗಾಗಿ ಪ್ರತಿ ವರ್ಷ, ಗಾರ್ಡನ್ನಿನ ಗೇಟು ತೆರೆಯುವ ಮೊದಲೇ, ಓಣಿಯ ಕೌದಿಗಳೆಲ್ಲ ಕಾರಂಜಿಯ ಹೊಂಡದಲ್ಲಿ ಮುಳುಗೇಳುತ್ತಿದ್ದವು. ಇದು ಗಂಡಸರಿಗೆ ಗೊತ್ತಿರಲಿಲ್ಲ. ಗುಟ್ಟೇನೂ ಅಲ್ಲ, ಯಾರೂ ಕೇಳಿರಲಿಲ್ಲ, ಅಷ್ಟೇ.

ಈ ವರ್ಷ ಉದ್ಯಾನ ಸಮಿತಿಯ ಅಧ್ಯಕ್ಷರಾದ ದಿಗಂಬರ ಮಾಸ್ತರರು ಕಾರಂಜಿಯ ಇತಿಹಾಸ ಬರೆದರು. ದೇಣಿಗೆ ಕೊಟ್ಟವರು, ರಿಬ್ಬನ್ ಕತ್ತರಿಸಿದವರು, ಕತ್ತರಿಯ ತಟ್ಟೆ ಹಿಡಿದು ನಿಂತವರು, ಎಲ್ಲರ ಹೆಸರನ್ನೂ ಕರಿಕಲ್ಲಿನಲ್ಲಿ ಕೊರೆಸಿದರು. ಕಲ್ಲು ಬಂದ ಮೇಲೆ ನಿಲ್ಲಿಸಲು ಜಾಗ ಹುಡುಕಿದರು.

"ಹೊಂಡದಾಗ ಮಣ್ಣು ತುಂಬಿ ನಡುವ ನಿಲ್ಲಸೋಣು, ಮಾಯವ್ವಾ. ಸುತ್ತಲೂ ಹೂವಿನ ಗಿಡ."

"ಮತ್ತ ಕಾರಂಜಿ, ಮಾಸ್ತರ್ರ?"

"ಅದರ ಇತಿಹಾಸ ಕಲ್ಲಿನ ಮ್ಯಾಲ ಅದ ಅಲ್ಲ! ಮುಚ್ಚೂದ್ರೊಳಗ ಒಂದ್ಸಲ ಚಿಮ್ಮಿಸಿ ಫೋಟೋ ತಗೀಬೇಕು. ನಾಳೆ ಎಂಟಕ್ಕ ಪರಪ್ಪ ಬರ್ತಾನ, ಮೋಟರ್ ರಿಪೇರಿ ಮಾಡ್ಲಿಕ್ಕೆ."

ಒಗೆಯಲು ಇನ್ನೂ ಹದಿನಾಲ್ಕು ಕೌದಿ ಉಳಿದಿದ್ದವು. ಮಾಯವ್ವ ಓಣಿಯ ಹೆಂಗಸರಿಗೆಲ್ಲ ಸುದ್ದಿ ಮುಟ್ಟಿಸಿದಳು. ಇನ್ನು ಮುಂದೆ ಹೊಂಡ ಸಿಗುವುದಿಲ್ಲವೆಂದು ನಸುಕಿನಲ್ಲೇ ಬಂದ ಹೆಂಗಸರು ಕೈಗೆ ಬಂದಷ್ಟು ಬಟ್ಟೆ ಒಗೆಯುವ ಸಬಕಾರದ ಪುಡಿ ಸುರಿದರು. ಕೌದಿಗಳೇನೋ ಬೇಲಿ ಏರಿದವು. ಹೊಂಡದ ನೀರು ಬದಲಿಸಲು ಹೊತ್ತು ಸಾಲಲಿಲ್ಲ.

ಪರಪ್ಪ ಬಂದವನೇ ಮೋಟರ್ ಸರಿಮಾಡಿದ. ಕಟ್ಟಿಕೊಂಡಿದ್ದ ಕಾರಂಜಿಯ ತೂತುಗಳನ್ನು, ಮಾಯವ್ವನ ಬಳಿಯಿದ್ದ ಕೌದಿ ಹೊಲಿಯುವ ದಬ್ಬಣದಿಂದಲೇ ಚುಚ್ಚಿ ಬಿಡಿಸಿದ. ಮಾಸ್ತರರು ಟೊಪಿಗೆ ಸರಿಮಾಡಿಕೊಂಡು ಕಲ್ಲಿನ ಪಕ್ಕ ನಿಂತರು. ಪರಪ್ಪ ಸ್ವಿಚ್ ಒತ್ತಿದ.

ಮೊದಲು ಗೊರಕೆಯಂಥ ಸದ್ದು. ಆಮೇಲೆ ನೊರೆ. ಅದು ಬುಗುಬುಗು ಎದ್ದು ಹೊಂಡ ದಾಟಿ, ಕಲ್ಲಿನ ಮೇಲಿನ ದಾನಿಗಳನ್ನೆಲ್ಲ ಮುಚ್ಚಿ, ಮಾಸ್ತರರ ಗಲ್ಲಕ್ಕೆ ಅಂಟಿತು. ಅವರು ಅರ್ಧ ದಾಡಿ ಮಾಡಿಸಿಕೊಂಡು ಎದ್ದು ಬಂದವರಂತೆ ಕಂಡರು. ಫೋಟೋ ತೆಗೆಯುವುದನ್ನು ನೋಡಲು ಬಂದಿದ್ದ ಅವರ ಹೆಂಡತಿ ರಾಧಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

"ಏನಿದು?" ಮಾಸ್ತರರು ಕೇಳಿದರು.

"ಸಬಕಾರ್ರಿ," ಎಂದಳು ಮಾಯವ್ವ.

"ಹೊಂಡದಾಗ ಸಬಕಾರ ಯಾಕ?"

ಉತ್ತರ ರಾಧಾಬಾಯಿ ಕೊಟ್ಟರು. "ಕೌದಿ ಒಗೀತಾರ, ಮತ್ಯಾಕ?"

"ಯಾರ ಕೌದಿ?"

ರಾಧಾಬಾಯಿ ಬೇಲಿಯತ್ತ ಕೈ ತೋರಿಸಿದರು. "ಅಕಾ, ನೀಲಿ ಅಂಚಿಂದು. ನಿಮ್ಮ ಅವ್ವ ಹೊಲದದ್ದು. ನಲವತ್ತು ವರ್ಷ ಹೊದ್ಕೊಂಡೀರಿ, ಗುರ್ತು ಹತ್ತಲಿಲ್ಲೇನು?"

"ನಮ್ಮ ಕೌದಿ ಇಲ್ಲೆ ಒಗೀತಾರಾ?"

"ಅಲ್ರೀ, ಅದು ತಾನ ಜಳಕಾ ಮಾಡಿ ಕಪಾಟಿನ್ಯಾಗ ಹೋಗಿ ಕೂಡ್ತದ ಅಂತ ತಿಳದಿದ್ರಿ? ಮುಚ್ಚಸ್ರಿ ಹೊಂಡ, ನಂದೇನು. ಬರೂ ವರ್ಷ ನೀವ ಹೊಳಿಗೆ ಒಯ್ಯಿರಿ. ಹಿಂಡ್ಲಿಕ್ಕೆ ಇಬ್ಬರು ಬೇಕು, ಲಗಮಪ್ಪನ್ನ ಕರಕೊಂಡ ಹೋಗ್ರಿ."

ಗದ್ದಲ ಕೇಳಿ ಬಂದು ನಿಂತಿದ್ದ ಲಗಮಪ್ಪ ಮೆಲ್ಲಗೆ ಎರಡು ಹೆಜ್ಜೆ ಹಿಂದೆ ಸರಿದ.

ಮಾಸ್ತರರು ಬೇಲಿಯ ಹತ್ತಿರ ಹೋಗಿ ತಾಯಿಯ ಕೌದಿಯನ್ನು ಒಂದು ಕೈಯಲ್ಲಿ ಎತ್ತಹೋದರು. ಆಮೇಲೆ ಎರಡೂ ಕೈ ಹಚ್ಚಿದರು. ಅದು ಏಳಲಿಲ್ಲ. ಕೈಯ ನೀರು ಕೊಡವಿಕೊಂಡು, "ಹೊಂಡ ಇರ್ಲಿ ಬಿಡು, ಮಾಯವ್ವಾ" ಎಂದರು.

ಹೊಂಡ ಉಳಿಯಿತು. ಜಾಗ ಸಿಗದ ಕರಿಕಲ್ಲು ಹೊಂಡದ ದಂಡೆಯ ಮೇಲೆ ಅಕ್ಷರ ಮೇಲೆ ಮಾಡಿ ಅಂಗಾತ ಮಲಗಿತು. ಮರುವಾರ ಮಾಸ್ತರರು ಗಾರ್ಡನ್ನಿಗೆ ಬಂದಾಗ ಮಾಯವ್ವ ಅದರ ಮೇಲೆ ಲಗಮಪ್ಪನ ಪೈಜಾಮ ಕುಕ್ಕುತ್ತಿದ್ದಳು. ಮಾಸ್ತರರು ಬಗ್ಗಿ ನೋಡಿ, ಕಲ್ಲಿನ ಕೆಳತುದಿಯಲ್ಲಿ ಎರಡು ಸಾಲಿಗೆ ಇನ್ನೂ ಜಾಗವಿದೆ, ನಿನ್ನ ಹೆಸರನ್ನೂ ಹಾಕಿಸಲೇ ಎಂದು ಕೇಳಿದರು.

ಮಾಯವ್ವ ಮುಂಗೈಯಿಂದ ಹಣೆ ಒರೆಸಿಕೊಂಡಳು.

"ಹಾಕಸ್ರಿ, ಮಾಸ್ತರ್ರ. ಆದ್ರ ಅಕ್ಷರ ಒಂದೀಟು ಆಳಕ ಕೊರಸ್ರಿ. ಬಟ್ಟಿ ಕೊಳಿ ಲಗೂ ಬಿಡತೈತಿ."