ಹುಳುವಿನ ಮಾದರಿಯಲ್ಲಿ ಹುಳುವೇ ಇರಲಿಲ್ಲ

ಕೋವಿಡ್ ಗದ್ದಲ ತಣ್ಣಗಾದ ಮರುವರ್ಷ. ಚಿಕ್ಕಬಳ್ಳಾಪುರದ ಹೊರವಲಯದ ಸಂಶೋಧನಾ ಪ್ರಯೋಗಾಲಯವೊಂದರಲ್ಲಿ ನಾನು ಡಿಎನ್‌ಎ ಸೀಕ್ವೆನ್ಸಿಂಗ್ ವಿಭಾಗದ ಮೇಲ್ವಿಚಾರಕನಾಗಿದ್ದೆ. ಹಲವು ಸಂಸ್ಥೆಗಳು ಹಂಚಿಕೊಂಡು ಬಳಸುವ ಲ್ಯಾಬ್ ಅದು. ಯಾರೇ ಮಾದರಿ ತಂದರೂ ಅದರ ಡಿಎನ್‌ಎ ಓದಿ, ಯಾವ ಜೀವಿಯದೆಂದು ಹೇಳುವುದು ನಮ್ಮ ಕೆಲಸ. ಫಾರಂನಲ್ಲಿ ಒಂದು ಅಂಕಿ ತಪ್ಪಿದ್ದರೂ ವಾಪಸ್ ಕಳಿಸುವ ಸಿಡುಕ ಎಂದು ನನಗೆ ಹೆಸರಿತ್ತು. ಆ ಹೆಸರಿನ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಶಿಡ್ಲಘಟ್ಟದ ಹತ್ತಿರ ಮುನಿರತ್ನಮ್ಮ ಎಂಬುವರು ಚಾಕಿ ಕೇಂದ್ರ ನಡೆಸುತ್ತಿದ್ದರು. ರೇಷ್ಮೆಯ ಮರಿಹುಳುಗಳನ್ನು ಎರಡನೇ ಜ್ವರದವರೆಗೆ, ಅಂದರೆ ಎರಡು ಬಾರಿ ಪೊರೆ ಬಿಡುವವರೆಗೆ, ಸಾಕಿ ರೈತರಿಗೆ ಕೊಡುವ ಕೇಂದ್ರ. ಆ ಸಲ ಸೂಕ್ಷ್ಮದರ್ಶಕದ ಪರೀಕ್ಷೆಯಲ್ಲಿ ಗಂಟುರೋಗದ ಅನುಮಾನ ಬಂತು. ಅದು ಔಷಧವಿಲ್ಲದ ರೋಗ. ಖಚಿತವಾದರೆ ಇಡೀ ಬ್ಯಾಚನ್ನೇ ಸುಡಬೇಕು. ಸುದ್ದಿ ಹರಡಿದರೆ ಆಕೆಯ ಬಳಿ ಮತ್ತೆ ಯಾರೂ ಹುಳು ಒಯ್ಯುವುದಿಲ್ಲ. ಮರುದಿನವೇ ಹುಳು ಹೊರಡಬೇಕಿತ್ತು. ಹಾಗಾಗಿ ಖಚಿತಪಡಿಸಲು ನಮ್ಮಲ್ಲಿಗೆ ಬಂದ ಆಕೆಯ ಮಾದರಿಯನ್ನು ಬೇರೆಯವರಿಗೆ ಬಿಡದೆ ನಾನೇ ಕೈಗೆತ್ತಿಕೊಂಡೆ.

ನಮ್ಮ ಪ್ಲೇಟಿನಲ್ಲಿ ತೊಂಬತ್ತಾರು ಗುಳಿಗಳು. ಮೊದಲ ಗುಳಿ ಎ-1ರಲ್ಲಿ ಮುನಿರತ್ನಮ್ಮನ ಹುಳುವಿನ ಮಾದರಿ. ಕೊನೆಯ ಗುಳಿ ಎಚ್-12ರಲ್ಲಿ ಕಂಟ್ರೋಲ್, ಅಂದರೆ ಗಂಟುರೋಗದ್ದೇ ಎಂದು ಮೊದಲೇ ಗೊತ್ತಿರುವ ಶುದ್ಧ ಡಿಎನ್‌ಎ. ನಾವು ಸರಿಯಾಗಿ ಓದುತ್ತಿದ್ದೇವೆಯೇ ಎಂದು ತಿಳಿಯಲು ಅದನ್ನು ಇಡುತ್ತೇವೆ. ಮಧ್ಯಾಹ್ನ ಫಲಿತಾಂಶ ಬಂತು. ಎ-1ರಲ್ಲಿ ಗಂಟುರೋಗ. ಎಚ್-12ರಲ್ಲಿ ರೋಗ ಕಾಣಲಿಲ್ಲ. ಕಂಟ್ರೋಲ್ ಟ್ಯೂಬ್ ಹಳೆಯದು, ಕೆಟ್ಟಿರಬೇಕು ಎಂದುಕೊಂಡು ಮುನಿರತ್ನಮ್ಮನಿಗೆ ಫೋನ್ ಮಾಡಿಬಿಟ್ಟೆ.

ಆಕೆ, “ಸೊಪ್ಪು ಚೆನ್ನಾಗೇ ತಿಂತಾವೆ ಸರ್. ಆಯ್ತು, ಸುಡ್ತೀವಿ. ನಮ್ಮನೆಯವ್ರು ಆಗ್ಲೇ ಗುಂಡಿ ತೆಗ್ದವ್ರೆ. ಒಂದ್ ಮಾತು ಹೇಳಿ, ಅದ್ರಾಗೆ ನಮ್ ಹುಳ ಎಷ್ಟೈತೆ, ರೋಗ ಎಷ್ಟೈತೆ?” ಎಂದರು.

ಉತ್ತರ ಹೇಳಲೆಂದು ಪರದೆ ನೋಡಿದೆ. ಹುಳುವನ್ನೇ ಅರೆದು ತೆಗೆದ ಮಾದರಿಯಲ್ಲಿ ಹುಳುವಿನ ಡಿಎನ್‌ಎ ಚೂರೂ ಇರಲಿಲ್ಲ! ಗಾಬರಿಯಿಂದ ಎಚ್-12 ತೆರೆದೆ. ಟ್ಯೂಬ್ ಕೆಟ್ಟಿದ್ದರೆ ಅದು ಖಾಲಿ ಇರಬೇಕಿತ್ತು. ಅಲ್ಲಿದ್ದದ್ದು ರೋಗವಿಲ್ಲದ ರೇಷ್ಮೆಹುಳುವಿನ ಡಿಎನ್‌ಎ. ಬೆಳಿಗ್ಗೆ ಮಾದರಿಗಳನ್ನು ಮೂಲ ಪ್ಲೇಟಿನಿಂದ ಯಂತ್ರದ ಪ್ಲೇಟಿಗೆ ಹಾಕುವಾಗ ಮೂಲದ್ದನ್ನು ಹಿಂದುಮುಂದಾಗಿ ಇಟ್ಟುಕೊಂಡಿದ್ದೆ. ಮೊದಲನೆಯದು ಕೊನೆಗೆ ಹೋಗಿತ್ತು, ಕೊನೆಯದು ಮೊದಲಿಗೆ ಬಂದಿತ್ತು. ದಿಕ್ಕು ತಪ್ಪದಿರಲೆಂದೇ ಪ್ಲೇಟಿನ ಒಂದು ಮೂಲೆ ಕತ್ತರಿಸಿರುತ್ತಾರೆ. ಹೊಸಬರಿಗೆಲ್ಲ ಆ ಮೂಲೆ ತೋರಿಸಿ ಉಪದೇಶ ಮಾಡುತ್ತಿದ್ದವನೂ ನಾನೇ.

“ಅಮ್ಮ, ಏನೂ ಸುಡಬೇಡಿ. ಸಂಜೆವರೆಗೂ ತಡೀರಿ” ಎಂದೆ.

ಉಳಿದಿದ್ದ ಮಾದರಿಗಳನ್ನು ಮತ್ತೆ ಓದಿಸಿದೆ, ಈ ಸಲ ಸಹೋದ್ಯೋಗಿಯೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು. ಸಂಜೆ ಎಚ್-12ರಲ್ಲಿ ಗಂಟುರೋಗ ಬಂತು, ಎ-1ರಲ್ಲಿ ಬರೀ ಹುಳು. ಸೂಕ್ಷ್ಮದರ್ಶಕದಲ್ಲಿ ಕಂಡದ್ದು ರೋಗಾಣುವೇ ಆಗಿರಲಿಲ್ಲ. ಅದೇ ಪ್ಲೇಟಿನಲ್ಲಿ ಮಾದರಿ ಇದ್ದ ಉಳಿದವರ ವರದಿಗಳು ಇನ್ನೂ ಹೊರಗೆ ಹೋಗಿರಲಿಲ್ಲ, ಸದ್ಯ.

ಮತ್ತೆ ಫೋನ್ ಮಾಡಿ, “ನಿಮ್ಮ ಹುಳುವಿಗೆ ರೋಗ ಇಲ್ಲಮ್ಮ. ತಪ್ಪು ನನ್ನದು” ಎಂದೆ.

“ಏಮಯ್ಯಾ, ಗುಂತ ಪೂಡ್ಚೆಯ್ಯಿ! ಮನ ಪುರುಗುಲಕೇಮೀ ಲೇದಂಟ!” ಗುಂಡಿ ಮುಚ್ಚಿಬಿಡು, ನಮ್ಮ ಹುಳುಗಳಿಗೇನೂ ಇಲ್ಲವಂತೆ ಎಂದು ಆಕೆ ಗಂಡನಿಗೆ ತೆಲುಗಿನಲ್ಲಿ ಕೂಗಿದ್ದು ಕೇಳಿಸಿತು. ಅಳುತ್ತಿದ್ದರು. ನನ್ನ ಕಣ್ಣೂ ಒದ್ದೆಯಾಯಿತು. ಆಮೇಲೆ ಮೂಗು ಒರೆಸಿಕೊಂಡು ಗಟ್ಟಿ ದನಿಯಲ್ಲಿ ಕೇಳಿದರು:

“ಸುಟ್ಮೇಲೆ ಗೊತ್ತಾಗಿದ್ರೆ ನಂಗೇನ್ ಹೇಳ್ತಿದ್ರಿ ಸರ್?”

ಕಂಟ್ರೋಲ್ ತಪ್ಪಿದರೆ ಆ ಪ್ಲೇಟಿನ ಯಾವ ಫಲಿತಾಂಶವೂ ಫಲಿತಾಂಶವಲ್ಲ. ಇದನ್ನು ಪುಸ್ತಕದಲ್ಲಿ ಓದಿದ್ದೆ, ಊರಿಗೆಲ್ಲ ಹೇಳಿದ್ದೆ. ಕಲಿತದ್ದು ಮಾತ್ರ ಆವತ್ತು. ನಿವೃತ್ತನಾಗುವವರೆಗೂ ಎಚ್-12 ಸರಿಯಾಗಿ ಬಾರದೆ ಯಾರಿಗೂ ಫೋನ್ ಮಾಡಲಿಲ್ಲ. ಮುನಿರತ್ನಮ್ಮನ ಆ ಪ್ರಶ್ನೆಗೆ ಉತ್ತರ ಕೊಡಬೇಕಾದ ಪ್ರಸಂಗ ಬರಲಿಲ್ಲವಲ್ಲ ಎಂದು ನೆನೆದಾಗಲೆಲ್ಲ ಎದೆ ಹಗುರಾಗುತ್ತದೆ.